ಹಲ್ಲಿಗೆ ಕೇಳಿದ ತೊಲೆ

ಮರಕ್ಕೆ ಎರಡು ಜನ್ಮ ಎನ್ನುತ್ತಿದ್ದ ಮಮದಾಪುರದ ಬಡಿಗ ದಸ್ತಗೀರಸಾಬ. ಬೇರಿನ ಮೇಲೆ ನಿಂತಷ್ಟು ಕಾಲ ಒಂದು, ಗೋಡೆಯ ಮೇಲೆ ಮಲಗಿದಷ್ಟು ಕಾಲ ಇನ್ನೊಂದು. ಮೊದಲನೆಯದನ್ನು ಮೇಲಿನವನು ನೋಡಿಕೊಳ್ಳುತ್ತಾನೆ, ಎರಡನೆಯದರ ಭಾರ ಬಡಿಗನ ಹೆಗಲಿಗೆ. ಅದಕ್ಕೇ ಅವನು ಕೊಡಲಿ ಎತ್ತುವ ಹಿಂದಿನ ದಿನವೇ ಹೋಗಿ ತೊಗಟೆಯ ಮೇಲೆ ಅಂಗೈ ಇಟ್ಟು ಬಿಸ್ಮಿಲ್ಲಾ ಎನ್ನುತ್ತಿದ್ದ. ಕೊಂಬೆಗಳತ್ತ ನೋಡಿ, ಹಕ್ಕಿಗಳೇ ಬೇರೆ ಗಿಡ ನೋಡಿಕೊಳ್ಳಿರೆಂದು ಹೇಳಿ ಬರುತ್ತಿದ್ದ. ಮಂದಿ ನಗುತ್ತಿದ್ದರು. ಮರುದಿನ ಗಿಡದಲ್ಲಿ ಹಕ್ಕಿ ಇರುತ್ತಿದ್ದವೋ ಇಲ್ಲವೋ, ಅಪ್ಪನ ಮುಖದಲ್ಲಿ ಮಾತ್ರ ಒಪ್ಪಿಗೆ ಸಿಕ್ಕವನ ಸಮಾಧಾನ ಇರುತ್ತಿತ್ತೆಂದು ಮಗ ಜಾಫರಸಾಬನಿಗೆ ಇಂದಿಗೂ ನೆನಪಿದೆ.

ಆ ಜಾಫರಸಾಬನಿಗೂ ಈಗ ಎಪ್ಪತ್ತು ದಾಟಿದೆ. ಬಾಚಿ, ಉಳಿ, ಕೊಡತಿಗಳನ್ನು ಎಣ್ಣೆ ಒರೆಸಿ ಗೋಣಿಚೀಲದಲ್ಲಿ ಸುತ್ತಿಟ್ಟಿದ್ದಾನೆ. ಮಗ ತೌಫೀಕ ಮೂಡಲಗಿಯಲ್ಲಿ ಪ್ಲೈವುಡ್ಡಿನ ಕಪಾಟು ಮಾಡುತ್ತಾನೆ. ಅಪ್ಪ ಅದನ್ನು ಬೈದವನಲ್ಲ. ಒಮ್ಮೆ ಅಂಗಡಿಗೆ ಹೋದಾಗ ಹಾಳೆಯೊಂದನ್ನು ತಿರುಗಿಸಿ ತಿರುಗಿಸಿ ನೋಡಿ, ಪಾಪ, ಇದಕ್ಕೆ ಬುಡವೂ ಇಲ್ಲ ತುದಿಯೂ ಇಲ್ಲ, ತಾಯಿ ಯಾರೋ ತಂದೆ ಯಾರೋ ಎಂದಿದ್ದನಷ್ಟೇ.

ಊರ ನಡುವೆ ಒಂದು ಮಸೂತಿ ಇದೆ. ನಮಾಜಿನ ಮಸೀದಿ ಬೇರೆ. ಇದು ಮೊಹರಮ್ಮಿನಲ್ಲಿ ಹಸ್ತದ ಆಕಾರದ ಪಂಜಾ ದೇವರುಗಳು ಕೂರುವ ಮನೆ. ಅಲ್ಲಿ ಹರಕೆಯ ಸಕ್ಕರೆ ಓದಿಸುವವರು ಎಲ್ಲ ಓಣಿಯವರು. ಅದರ ಮುಂದಿನ ಪಡಸಾಲೆಯ ಮಣ್ಣಿನ ಮಾಳಿಗೆಯನ್ನು ಈ ಗೋಡೆಯಿಂದ ಆ ಗೋಡೆಗೆ ಒಂದೇ ತೊಲೆ ಹೊತ್ತಿತ್ತು. ಬೇವಿನ ತೊಲೆ. ಮರ ಕೊಟ್ಟವನು ಈಗ ಮಸೂತಿಯ ಕೆಲಸ ನೋಡಿಕೊಳ್ಳುವ ಮಾಲಿಂಗನ ಮುತ್ತಜ್ಜ, ಹೊಲದ ಬದುವಿನಿಂದ. ಕೊಯ್ದವರು ಇಬ್ಬರು. ಗರಗಸದ ಕುಣಿಯ ಮೇಲೆ ನಿಂತವನು ದಸ್ತಗೀರಸಾಬ, ಕುಣಿಯೊಳಗೆ ನಿಂತವನು ಊರ ಹೊರಗಿನ ಓಣಿಯ ಗುಡ್ಡಪ್ಪ.

ಬೇವು ಸಾಗವಾನಿಯ ಹಾಗೆ ನೆಟ್ಟಗೆ ಬೆಳೆಯುವ ಜಾತಿಯಲ್ಲ. ಈ ತೊಲೆಯ ನಡುವಿಗೂ ಮಗುವಿನ ಮುಷ್ಟಿಯಷ್ಟು ಒಂದು ಗಂಟು ಇತ್ತು. ತೊಲೆ ಏರಿಸುವ ದಿನ, ಗಂಟು ಕೆಳಗೆ ಬಂದರೆ ಅದರ ಮೇಲೊಂದು ಹೂವು ಕೆತ್ತಬಹುದು, ನೋಡುವವರಿಗೆ ಚೆಂದ ಎಂದು ಊರವರು ಅಂದರಂತೆ. ದಸ್ತಗೀರಸಾಬ ಒಪ್ಪಲಿಲ್ಲ. ಭಾರ ಬಿದ್ದಾಗ ತೊಲೆಯ ಬೆನ್ನು ಒತ್ತಿಕೊಳ್ಳುತ್ತದೆ, ಹೊಟ್ಟೆ ಎಳೆದುಕೊಳ್ಳುತ್ತದೆ. ಗಂಟು ಒತ್ತುವುದನ್ನು ತಾಳುತ್ತದೆ, ಎಳೆಯುವುದನ್ನು ತಾಳುವುದಿಲ್ಲ. ಹಾಗೆಂದು ಗಂಟನ್ನು ಮೇಲೆ ಮಾಡಿ, ಜಂತಿಗಳ ಕೆಳಗೆ ಮುಚ್ಚಿಟ್ಟ. ಚೆಂದ ಮನುಷ್ಯರಿಗೆ, ಗಟ್ಟಿತನ ದೇವರಿಗೆ ಎನ್ನುವುದು ಅವನ ಲೆಕ್ಕ.

ಈ ವರ್ಷ ಮಾಳಿಗೆ ಎಲ್ಲೆಂದರಲ್ಲಿ ಸೋರಿತು. ಮಾಲಿಂಗ ನಾಲ್ಕು ಮಂದಿಯನ್ನು ಕೂಡಿಸಿ ಮಣ್ಣು ಇಳಿಸಿದ. ತೊಲೆ ಗಟ್ಟಿ ಇದ್ದರೆ ಅದರ ಮೇಲೆಯೇ ಹೊಸ ಜಂತಿ, ತಗಡು. ಪೊಳ್ಳಾಗಿದ್ದರೆ ತೊಲೆ ಇಳಿಸಿ ಸಿಮೆಂಟಿನ ಸ್ಲ್ಯಾಬು. ಇಳಿಸಿದ ಕಟ್ಟಿಗೆ ಮೊಹರಮ್ಮಿನ ಬೆಂಕಿಯ ಕುಣಿಗೆ. ಎರಡರಲ್ಲಿ ಯಾವುದು ಎಂದು ಹೇಳಲು ಇಬ್ಬರಿಗೆ ಹೇಳಿಕಳಿಸಿದ್ದರು. ಒಬ್ಬಳು ಸಂಘಮಿತ್ರಾ, ಗುಡ್ಡಪ್ಪನ ಮೊಮ್ಮಗಳು. ಸಂಕೇಶ್ವರದಲ್ಲಿದ್ದುಕೊಂಡು ಹುಕ್ಕೇರಿ, ಗೋಕಾಕದ ಸುತ್ತಿನ ಹಳೆಯ ವಾಡೆ, ಗುಡಿಗಳ ಕಟ್ಟಿಗೆ ಪರೀಕ್ಷೆ ಮಾಡುವ ಇಂಜಿನಿಯರು. ಇನ್ನೊಬ್ಬ ಜಾಫರಸಾಬ. ಕೊಡತಿಯಿಂದ ಒಮ್ಮೆ ಬಡಿದರೆ ಸಾಕು, ಮರದ ಹೊಟ್ಟೆಯೊಳಗಿನ ಹುಳು ಯಾವ ಕಡೆ ಮುಖ ಮಾಡಿ ಮಲಗಿದೆ ಎಂದು ಹೇಳುತ್ತಾನೆಂದು ಸುತ್ತಲಿನ ಹಳ್ಳಿಗಳಲ್ಲಿ ಹೆಸರು. ಅವನ ಕಿವಿಯ ಮೇಲೆ ಊರಿಗೆ ಅಷ್ಟು ನಂಬಿಕೆ.

ಕಷ್ಟ ಇದ್ದುದು ಅಲ್ಲೇ. ಆ ಕಿವಿ ಹೋಗಿ ಎಷ್ಟೋ ದಿನವಾಗಿತ್ತು.

ಒಮ್ಮೆಲೇ ಹೋದದ್ದಲ್ಲ. ಯಾರೋ ದಿನಕ್ಕಿಷ್ಟು ಹತ್ತಿ ತುರುಕುತ್ತ ಬಂದ ಹಾಗೆ ಮುಚ್ಚಿಕೊಳ್ಳುತ್ತ ಬಂತು. ಹೆಂಡತಿ ಶರೀಫಾಬಿ ತಲೆಯ ಮೇಲೆ ಸೆರಗು ಎಳೆದುಕೊಂಡದ್ದು ನೋಡಿ ಬಾಂಗು ಆಯಿತೆಂದು ತಿಳಿದು ನಮಾಜಿಗೆ ಏಳುತ್ತಿದ್ದ. ಯಾರು ಏನು ಅಂದರೂ ತಲೆಯಾಡಿಸಿ ನಗುತ್ತಿದ್ದ. ವಯಸ್ಸಾಗಿ ಬಡಿಗ ಸಂತನ ಹಾಗೆ ಶಾಂತನಾದ ಎಂದು ಊರವರು ಮೆಚ್ಚಿಕೊಂಡರು. ನಿಜ ಗೊತ್ತಿದ್ದವಳು ಹೆಂಡತಿ ಒಬ್ಬಳೇ.

ಪರೀಕ್ಷೆಯ ದಿನ ಜಾಫರಸಾಬ ಏಣಿ ಏರಿ ತೊಲೆಯನ್ನು ಬಡಿದ. ಪಡುವಣ ತುದಿ, ನಡು, ಮೂಡಣ ತುದಿ. ಕೆಳಗೆ ಮಂದಿ ಕತ್ತೆತ್ತಿ ನಿಂತಿತ್ತು. ಕೊಡತಿ ಬಿದ್ದದ್ದು ಅವನ ಅಂಗೈಗೆ ಗೊತ್ತಾಯಿತೇ ಹೊರತು ಕಿವಿಗೆ ದೂರದ ಯಾರೋ ಬಟ್ಟೆ ಒಗೆದಷ್ಟೂ ಕೇಳಿಸಲಿಲ್ಲ. ಆದರೂ ರೂಢಿಯಂತೆ ತಲೆ ಓರೆ ಮಾಡಿದ, ಕಣ್ಣು ಮುಚ್ಚಿದ. ಮುಚ್ಚಿದ ಕಣ್ಣಿನೊಳಗೆ ತೊಲೆಯ ಈ ತುದಿಗೆ ಅಪ್ಪ, ಆ ತುದಿಗೆ ಗುಡ್ಡಪ್ಪ ಹೆಗಲು ಕೊಟ್ಟು ನಿಂತಿದ್ದರು. ಇವರನ್ನು ಇಳಿಸಿ ಬೆಂಕಿಗೆ ಹಾಕಿರೆಂದು ಯಾವ ಬಾಯಿಯಿಂದ ಹೇಳುವುದು?

“ಗಟ್ಟಿ ಐತಿ,” ಎಂದ.

ಮಂದಿ ಹಗುರಾಯಿತು. ಮಾಲಿಂಗ ಅಲ್ಲಿಯೇ ತಗಡಿನ ಮಾತು ತೆಗೆದ. ಸಂಘಮಿತ್ರಾ ತನ್ನ ಅಂಗೈಯಗಲದ ಯಂತ್ರ ಹಿಡಿದು ಏಣಿ ಏರಿದಳು. ತೊಲೆಯ ಒಂದು ಕಡೆ ತಟ್ಟಿದ ಸದ್ದು ಇನ್ನೊಂದು ಕಡೆಗೆ ಎಷ್ಟು ಬೇಗ ಮುಟ್ಟುತ್ತದೆ ಎಂದು ಅಳೆಯುವ ಯಂತ್ರ ಅದು. ಗಟ್ಟಿ ಮರದಲ್ಲಿ ಸದ್ದು ಓಡುತ್ತದೆ, ಲಡ್ಡು ಹಿಡಿದು ಕೊಳೆತ ಮರದಲ್ಲಿ ಎಡವುತ್ತದೆ. ಮೂಡಣ ತುದಿಯಲ್ಲಿ ಅವಳು ಮತ್ತೆ ಮತ್ತೆ ಹಿಡಿದು ನೋಡಿದಳು. ಇಳಿದು ಬಂದು, ಬಿಸಿಲು ಹೆಚ್ಚಾಗಿದೆ, ನಾಳೆ ಇನ್ನೊಮ್ಮೆ ನೋಡಿ ಹೇಳುತ್ತೇನೆ ಎಂದಷ್ಟೇ ಹೇಳಿದಳು. ಜಾಫರಸಾಬನಿಗೆ ಅವಳ ಮಾತು ಕೇಳಿಸಲಿಲ್ಲ. ಮುಖ ಕೇಳಿಸಿತು.

ಮನೆಯಲ್ಲಿ ಶರೀಫಾಬಿ ರೊಟ್ಟಿ ಬಡಿಯುತ್ತಿದ್ದಳು. ಊರ ಸುದ್ದಿ ಅವನಿಗಿಂತ ಮೊದಲೇ ಮನೆ ಮುಟ್ಟಿತ್ತು. ಅವಳು ಅವನ ಮುಖದ ಹತ್ತಿರ ಬಂದು ಒಂದೊಂದೇ ಮಾತನ್ನು ಎತ್ತಿಟ್ಟಳು.

“ತೌಫೀಕನ ಅಬ್ಬಾ, ಗಟ್ಟಿ ಐತಿ ಅಂದ್ರಂತ. ಯಾವ ಕಿವೀಲೆ ಕೇಳಿದ್ರಿ? ನಿನ್ನಿ ಬೆಕ್ಕು ಪಾತೇಲಿ ಕೆಡವಿದ್ದು ಕೇಳಿಲ್ಲ ನಿಮಗ.”

ಅವನು ರೊಟ್ಟಿ ಮುರಿದ. ತಿನ್ನಲಾಗಲಿಲ್ಲ. ಮೊಹರಮ್ಮಿನಲ್ಲಿ ಆ ಪಡಸಾಲೆಯ ಕೆಳಗೆ ಊರ ಅರ್ಧ ಮಂದಿ ಕೂರುತ್ತದೆ, ಮಡಿಲಲ್ಲಿ ಮಕ್ಕಳನ್ನು ಹಾಕಿಕೊಂಡು. ಅಪ್ಪನನ್ನು ಉಳಿಸಿಕೊಳ್ಳಲು ತಾನು ಅಷ್ಟು ತಲೆಗಳ ಮೇಲೆ ಒಂದು ಸುಳ್ಳನ್ನು ಏರಿಸಿ ಬಂದಿದ್ದ.

ಹೊತ್ತು ವಾಲುವಾಗ ಸಂಘಮಿತ್ರಾ ಮನೆಗೇ ಬಂದಳು. ಶರೀಫಾಬಿ ಕೊಟ್ಟ ಚಹಾ ಕುಡಿದಳು. ಕಟ್ಟೆಯ ಮೇಲೆ ಅವನ ಎದುರಿಗೆ, ತುಟಿ ಕಾಣುವ ಹಾಗೆ ಕುಳಿತಳು. ಆ ಕೂರುವ ರೀತಿಯಲ್ಲೇ ಅವಳಿಗೆ ಗೊತ್ತಾಗಿದೆ ಎಂದು ಅವನಿಗೂ ಗೊತ್ತಾಯಿತು.

“ಕಾಕಾ, ಯಂತ್ರ ಬ್ಯಾರೆ ಹೇಳಾಕತೈತಿ. ನಾ ಕಾಗದದಾಗ ಬರದ್ರ ತೊಲಿ ಪೂರಾ ಹೋಗ್ತೈತಿ, ಮಂದಿ ಮುಂದಿಂದ ಏನೂ ಕೇಳೂದಿಲ್ಲ. ಎಲ್ಲಿತನ ಸತ್ತೈತಿ, ಎಲ್ಲಿಂದ ಜೀವ ಐತಿ ಅಂತ ನೀವು ಹೇಳಿದ್ರ ಒಂದು ದಾರಿ ಹುಡುಕಬಹುದು.”

“ನನಗ ಏನೂ ಕೇಳೂದಿಲ್ಲ, ಸಂಘವ್ವ,” ಎಂದ ಜಾಫರಸಾಬ. ಹೊರಗಿನವರ ಮುಂದೆ ಆ ಮಾತನ್ನು ಆಡಿದ್ದು ಅದೇ ಮೊದಲು. ಆಡಿದ ಮೇಲೆ ಹೆಗಲಿನಿಂದ ದಿಮ್ಮಿ ಇಳಿಸಿದಷ್ಟು ಹಗುರ ಎನಿಸಿತು.

ಅವಳು ಅದಕ್ಕೆ ಅಯ್ಯೋ ಅನ್ನಲಿಲ್ಲ. ತನ್ನ ಅಜ್ಜಿ ಉದ್ದವ್ವ ಹೇಳುತ್ತಿದ್ದ ಒಂದು ಮಾತನ್ನು ಹೇಳಿದಳು. ಕುಣಿಯೊಳಗೆ ನಿಂತು ಗರಗಸ ಎಳೆಯುವವನ ಕಿವಿಯಲ್ಲಿ ಕಟ್ಟಿಗೆಯ ಹಿಟ್ಟು ತುಂಬಿರುತ್ತಿತ್ತಂತೆ. ಹಾಗಾಗಿ ಅಜ್ಜ ಮರದೊಳಗಿನ ಸದ್ದು ಕೇಳಲು ಒಣ ಜಾಲಿಯ ಗೂಟವನ್ನು ಮರಕ್ಕೆ ಒತ್ತಿ, ಇನ್ನೊಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿಯುತ್ತಿದ್ದನಂತೆ. “ಖರೆ ಏನ್ರಿ ಕಾಕಾ, ಇಲ್ಲಾ ನಮ್ಮಜ್ಜಿ ಕತಿ ಕಟ್ಟತಿದ್ದಳೋ?”

ಕತೆಯಲ್ಲ. ಜಾಫರಸಾಬನ ಕಣ್ಣ ಮುಂದೆ ಊರ ಹೊರಗಿನ ಆ ಕುಣಿ ತೆರೆದುಕೊಂಡಿತು. ಕುಣಿಯ ಮೇಲೆ ಅಡ್ಡ ಮಲಗಿದ ಬೇವಿನ ದಿಮ್ಮಿ, ಮೇಲೆ ಲುಂಗಿ ಎತ್ತಿ ಕಟ್ಟಿದ ಅಪ್ಪ. ಕೆಳಗೆ ತಲೆಗೆ ವಸ್ತ್ರ ಸುತ್ತಿದ ಗುಡ್ಡಪ್ಪ, ರೆಪ್ಪೆಯ ಮೇಲೆಲ್ಲ ಹಳದಿ ಹಿಟ್ಟು. “ಎಳಿಯೋ ಗುಡ್ಡಾ” ಎಂದು ಮೇಲಿನಿಂದ, “ಕೊಡೋ ದಸ್ತಗೀರಣ್ಣಾ” ಎಂದು ಕೆಳಗಿನಿಂದ. ಗರಗಸ ಏರಿ ಇಳಿಯುತ್ತಿತ್ತು, ಗಾಳಿಯೆಲ್ಲ ಬೇವಿನ ಕಹಿ ವಾಸನೆ. ನಡುನಡುವೆ ಗುಡ್ಡಪ್ಪ ಕೈ ಎತ್ತಿ ನಿಲ್ಲಿಸಿ, ಗೂಟ ಕಚ್ಚಿ ಕಣ್ಣು ಮುಚ್ಚುತ್ತಿದ್ದ. ಮೇಲಿನ ಬಡಿಗರು ಅದನ್ನು ನೋಡಿ ನಗುತ್ತಿದ್ದರು. ಬಡಿಗನಾದವನು ಕಿವಿಯಿಂದ ಕೇಳಬೇಕು, ಕಚ್ಚಿ ಕೇಳುವುದು ಕುಣಿಯವರ ಕಸಬು ಎಂದು ಒಂದು ಮಾತೇ ಇತ್ತು. ಆ ನಗುವಿನಲ್ಲಿ ಬರೀ ಕಸಬಷ್ಟೇ ಇರಲಿಲ್ಲ, ಓಣಿಯೂ ಇತ್ತು. ಅಪ್ಪ ನಗುತ್ತಿರಲಿಲ್ಲ. ಕಲಿಯಲೂ ಇಲ್ಲ. ತಾನೂ ಕಲಿತಿರಲಿಲ್ಲ.

ಆದರೆ ತೊಲೆ ಏರಿದ ದಿನ ಅಪ್ಪ ಗುಡ್ಡಪ್ಪನ ಕೈಹಿಡಿದು ಪಡಸಾಲೆಗೆ ಕರೆತಂದು ಕೂರಿಸಿದ್ದ. ಊರ ಬೇರೆ ಯಾವ ಮಾಳಿಗೆಯ ಕೆಳಗೂ ಕಾಲು ಚಾಚಿ ಕೂರದ ಗುಡ್ಡಪ್ಪ, ಸಾಯುವತನಕ ಮೊಹರಮ್ಮಿಗೊಮ್ಮೆ ಬಂದು ಮೂಡಣ ಗೋಡೆಯ ಪಕ್ಕದಲ್ಲಿ ತನ್ನ ತೊಲೆಯನ್ನು ನೋಡುತ್ತ ಕೂರುತ್ತಿದ್ದ. ಸುಣ್ಣ ಬಳಿಯುವವರು ಆ ಜಾಗಕ್ಕೆ ಬಂದಾಗ, ಸ್ವಲ್ಪ ಸರಿಯೋ ಗುಡ್ಡಣ್ಣ ಎನ್ನುವುದು ಊರಲ್ಲಿ ಚೇಷ್ಟೆಯ ಮಾತಾಗಿ ಉಳಿದಿದೆ. ಅವನು ಹೋಗಿ ಇಷ್ಟು ವರ್ಷವಾದರೂ.

“ಖರೆ ಐತಿ, ಯವ್ವಾ,” ಎಂದ ಕೊನೆಗೆ. “ನಾಳೆ ನಾನೂ ಕಚ್ಚತೇನಿ.”

ಒಳಗಿನಿಂದ ಶರೀಫಾಬಿ ಎರಡೇ ದವಡೆ ಹಲ್ಲು ಉಳಿದಿವೆ, ಅವನ್ನೂ ಮಸೂತಿಗೆ ಕೊಟ್ಟು ಬರುತ್ತಾರೆ ಎಂದಳು. ಅದು ಅವನಿಗೆ ಕೇಳಿಸಲಿಲ್ಲ. ಸಂಘಮಿತ್ರಾ ನಕ್ಕದ್ದು ನೋಡಿ ತಾನೂ ನಕ್ಕ.

ಮರುದಿನ ಮಂದಿ ಮತ್ತೆ ಕೂಡಿತು. ಮಾಲಿಂಗ ಏಣಿ ಹಿಡಿದ, ತೊಲೆಯ ಗುಂಟ ಕಟ್ಟಿದ ಅಟ್ಟಣಿಗೆಗೆ ಬಡಿಗ, ಇಂಜಿನಿಯರು ಇಬ್ಬರೂ ಏರಿದರು. ಜಾಫರಸಾಬ ಗೋಣಿಚೀಲ ಬಿಚ್ಚಿ ತಂದ ಜಾಲಿಯ ಗೂಟವನ್ನು ತೊಲೆಗೆ ಒತ್ತಿ, ಉಳಿದ ದವಡೆ ಹಲ್ಲುಗಳ ನಡುವೆ ಸಿಕ್ಕಿಸಿಕೊಂಡ. ಆ ಕಡೆ ಅಟ್ಟಣಿಗೆಯ ಮೇಲೆ ಸಂಘಮಿತ್ರಾ ಕೊಡತಿ ಹಿಡಿದು ನಿಂತಳು. ಕೆಳಗೆ ಗುಸುಗುಸು ಎದ್ದಿತು.

“ಜಾಫರಣ್ಣಾ, ಹಸಿವಾಗಿದ್ರ ರೊಟ್ಟಿ ತರಸ್ತೇನಿ,” ಎಂದ ಮಾಲಿಂಗ. “ನಮ್ಮ ಮುತ್ತ್ಯಾನ ಗಿಡಾ ತಿನಬ್ಯಾಡ.”

ಸಂಘಮಿತ್ರಾ ಪಡುವಣ ತುದಿಗೆ ಬಡಿದಳು.

ಸದ್ದು ಕಿವಿಯಿಂದ ಬರಲಿಲ್ಲ. ದವಡೆಯಿಂದ ಏರಿ, ಕೆನ್ನೆಯ ಎಲುಬಿನ ಗುಂಟ ಹರಿದು, ತಲೆಬುರುಡೆಯೊಳಗೆ ಕಂಚಿನ ಬಟ್ಟಲು ತಟ್ಟಿದ ಹಾಗೆ ತುಂಬಿಕೊಂಡಿತು. ಜಾಫರಸಾಬ ಗೂಟವನ್ನು ಇನ್ನಷ್ಟು ಬಿಗಿಯಾಗಿ ಕಚ್ಚಿದ. ಎಷ್ಟು ದಿನವಾಗಿತ್ತು, ಯಾ ಅಲ್ಲಾ, ಎಷ್ಟು ದಿನ. ಬೇವು ಹೀಗೆಯೇ ಅಲ್ಲವೇ ನುಡಿಯುತ್ತಿದ್ದುದು, ಸಾಗವಾನಿಗಿಂತ ತುಸು ಗಡಸು ದನಿಯಲ್ಲಿ, ಗಂಟಲು ಕಟ್ಟಿದ ಹಾಡುಗಾರನ ಹಾಗೆ? ಅವನು ಗೂಟ ಸರಿಸಿದ. ನಡುವಿನಲ್ಲಿ ಗಂಟಿನ ಹತ್ತಿರ ಸದ್ದು ಒಂದಿಷ್ಟು ಸುತ್ತು ಹಾಕಿ ಮತ್ತೆ ಸೇರಿಕೊಂಡಿತು, ಕಲ್ಲನ್ನು ಬಳಸಿ ಹರಿಯುವ ನೀರಿನಂತೆ. ಅಲ್ಲಿಯೂ ಜೀವ ಇತ್ತು. ಅಪ್ಪ ಮೇಲೆ ಮಾಡಿಟ್ಟ ಗಂಟು ಅಪ್ಪ ಇಟ್ಟ ಹಾಗೆಯೇ ಭಾರ ಹೊತ್ತು ಕೂತಿತ್ತು. ಮುಂದೆ ಸರಿದ. ಕಂಚು. ಇನ್ನಷ್ಟು ಮುಂದೆ. ಕಂಚು. ಮೂಡಣ ಗೋಡೆ ಇನ್ನು ಒಂದು ಮೊಳ ದೂರ ಇರುವಾಗ ಸದ್ದು ಒಮ್ಮೆಲೇ ಹಸಿ ಗೋಡೆಗೆ ಅಂಗೈ ಬಡಿದಂತಾಯಿತು. ಹಿಂದೆ ಬಂದು ನೋಡಿದ, ಮತ್ತೆ ಮುಂದೆ ಹೋದ. ಅನುಮಾನವಿರಲಿಲ್ಲ. ಮಾಳಿಗೆಯ ಮಳೆನೀರು ಹೊರಬೀಳುವ ದೋಣಿ ಕಟ್ಟಿಕೊಂಡು, ಗೋಡೆಯೊಳಗಿನ ತುದಿ ವರ್ಷಗಟ್ಟಲೆ ನೀರು ಕುಡಿದಿತ್ತು. ಗೆದ್ದಲು ಒಲ್ಲೆ ಎಂದ ಕಹಿ ಮರವನ್ನು ನೀರು ತಿಂದಿತ್ತು.

ಅವನು ಸೀಮೆಸುಣ್ಣದ ಖಡುವಿನ ತುಂಡಿನಿಂದ ತೊಲೆಯ ಮೇಲೊಂದು ಗೆರೆ ಎಳೆದ. ಗೂಟವನ್ನು ಬಾಯಿಂದ ತೆಗೆದು ಕೆಳಗಿನ ಮಂದಿಯತ್ತ ತಿರುಗಿದ.

“ಇಲ್ಲಿತನ ಜೀವ ಐತಿ. ಇಲ್ಲಿಂದ ಮುಂದ ಇಲ್ಲ. ನಿನ್ನಿ ನಾ ಹೇಳಿದ್ದು ಬರೇ ಗಾಳಿ. ನನಗ ಕೇಳಿದ್ದಿಲ್ಲ. ಇವತ್ತ ಗುಡ್ಡಪ್ಪನ ಹಲ್ಲಿಲೆ ಕೇಳೇನಿ.”

ಯಾರೂ ನಗಲಿಲ್ಲ. ಸಂಘಮಿತ್ರಾ ಸೂಜಿಯಂಥ ಬೈರಿಗೆಯನ್ನು ಗೆರೆಯ ಆಚೆ ಇಳಿಸಿದಳು. ಹೊರಬಂದ ಪುಡಿ ಕುದಿಸಿ ಚೆಲ್ಲಿದ ಚಹಾಪುಡಿಯ ಹಾಗೆ ಕಪ್ಪಗೆ ಹಸಿಯಾಗಿತ್ತು. ಗೆರೆಯ ಈಚೆ ಇಳಿಸಿದಳು. ಒಣಗಿದ ಹಳದಿ ಹಿಟ್ಟು, ನಿನ್ನೆ ಕೊಯ್ದಂತೆ. ಆದರೂ ಅವಳು ಗೆರೆಯನ್ನು ಒಂದು ಗೇಣು ಒಳಕ್ಕೆ ಸರಿಸಿದಳು. ಸತ್ತದ್ದಕ್ಕೆ ಅಂಟಿಕೊಂಡದ್ದನ್ನು ನಂಬಬಾರದು ಕಾಕಾ, ಯಂತ್ರ ಅಲ್ಲಿಯೂ ಎಡವಿತು ಎಂದಳು. ಜಾಫರಸಾಬ ಗೂಟವನ್ನು ಆ ಜಾಗಕ್ಕೆ ಇಟ್ಟು ಇನ್ನೊಮ್ಮೆ ಕಚ್ಚಿದ. ಹೌದು, ಕಂಚಿನ ಹಿಂದೆ ಒಂದು ಸಣ್ಣ ಬಿರುಕು ದನಿ. ಆಗಲೇ ಕೇಳಿಸಬೇಕಾಗಿತ್ತು, ಸಂತೋಷದಲ್ಲಿ ದಾಟಿಹೋಗಿದ್ದ. ಅವಳ ಗೆರೆಯೇ ಸರಿ ಎಂದು ತಲೆದೂಗಿದ.

ದಾರಿಯನ್ನು ಹೇಳಿದವಳೂ ಅವಳೇ. ಗೆರೆಯ ಕೆಳಗೆ ಒಂದು ಕಂಬ ನಿಲ್ಲಿಸಿ, ಕಂಬದ ತಲೆಗೆ ಅಡ್ಡ ಬೋದಿಗೆ ಕೊಟ್ಟರೆ ತೊಲೆ ಗೋಡೆಯವರೆಗೆ ಹೋಗಬೇಕಾಗಿಲ್ಲ. ಸತ್ತ ತುದಿಯನ್ನು ಕತ್ತರಿಸಬಹುದು, ಉಳಿದದ್ದು ಇನ್ನೂ ಎರಡು ತಲೆಮಾರು ಹೊರುತ್ತದೆ. ಮಾಲಿಂಗ ಗೋಡೆಯಿಂದ ಹೆಜ್ಜೆ ಹಾಕಿ ಕಂಬ ಬರುವ ಜಾಗದಲ್ಲಿ ನಿಂತ. ನಿಂತವನು ಒಮ್ಮೆ ಕೆಳಗೆ ನೋಡಿಕೊಂಡ.

“ಗುಡ್ಡಣ್ಣನ್ನ ಸರಸಬೇಕಾಗ್ತೈತಲ್ಲೋ,” ಎಂದ. ಈ ಸಲ ಎಲ್ಲರೂ ನಕ್ಕರು. ಸಂಘಮಿತ್ರಾ ಮುಖ ಆಚೆ ತಿರುಗಿಸಿಕೊಂಡಳು.

ಗೋಕಾಕದಿಂದ ಕಬ್ಬಿಣದ ಕಂಬ ತರಿಸೋಣ ಎಂಬ ಮಾತು ಬಂತು. ಜಾಫರಸಾಬ ಕೈ ಅಡ್ಡ ಮಾಡಿ, ಕಂಬ ತಾನು ಕೊಡುವೆನೆಂದ.

ಅವನ ಮನೆಯ ಹಿಂದಿನ ದನದ ಕೊಟ್ಟಿಗೆಯಲ್ಲಿ ಒಂದು ಕರಿಜಾಲಿಯ ದಿಮ್ಮಿ ಮಲಗಿತ್ತು. ಬೆಲ್ಲದ ಬಾಗೇವಾಡಿಯಲ್ಲಿ ಎತ್ತು ಕಟ್ಟಿ ಕಬ್ಬು ಹಿಂಡುತ್ತಿದ್ದ ಹಳೆಯ ಗಾಣವೊಂದನ್ನು ಬಿಚ್ಚಿದಾಗ ತಂದದ್ದು. ತಂದು ಬಾವಿಯಲ್ಲಿ ಒಂದು ಮಳೆಗಾಲ ಮುಳುಗಿಸಿ, ನೆರಳಿನಲ್ಲಿ ಒಣಗಿಸಿದ್ದ. ಮೂಗು ಹತ್ತಿರ ಒಯ್ದರೆ ಇನ್ನೂ ಬೆಲ್ಲದ ನೆನಪು ಬರುವಂಥ ಮರ. ಅದನ್ನು ಅವನು ತನಗೇ ಇಟ್ಟುಕೊಂಡಿದ್ದ. ಗೋರಿಯೊಳಗೆ ಮೈಮೇಲೆ ಮಣ್ಣು ಬೀಳದಂತೆ ಅಡ್ಡ ಹಾಕುತ್ತಾರಲ್ಲ, ಆ ಹಲಗೆಗಳಿಗೆ. ಜೀವಮಾನವೆಲ್ಲ ಊರಿನವರ ತಲೆಯ ಮೇಲೆ ಒಳ್ಳೆಯ ಕಟ್ಟಿಗೆ ಇಟ್ಟವನಿಗೆ ಕೊನೆಯಲ್ಲಿ ತನ್ನ ಮೇಲೂ ಒಳ್ಳೆಯದೇ ಇರಲೆಂಬ ಒಂದು ಆಸೆ. ಶರೀಫಾಬಿ ಒಬ್ಬಳಿಗೆ ಹೇಳಿದ್ದ.

ಮಂದಿ ದಿಮ್ಮಿ ಹೊರಗೆ ಎಳೆಯುವಾಗ ಅವಳು ಬಾಗಿಲಲ್ಲಿ ಸೊಂಟಕ್ಕೆ ಕೈಕೊಟ್ಟು ನಿಂತಳು.

“ಅದು ನಿಮ್ಮ ಮೈಮ್ಯಾಲಿನ ಹಲಗಿ ಅಲ್ಲೇನ್ರಿ? ನಾಳೆ ನಾವು ಏನ ಹಾಕೂನು, ತೌಫೀಕನ ಪ್ಲೈವುಡ್ಡಾ?”

“ಕಲ್ಲ ಹಾಕ್ರಿ,” ಎಂದ ಅವನು, ಅವಳ ತುಟಿ ಓದಿ. “ಗೋಕಾಕದ ಕಲ್ಲಿಗೇನ ಬರ ಬಂದೈತಿ?”

ಅವಳು ದಾರಿ ಬಿಟ್ಟಳು. ಆಮೇಲೆ ಒಳಗೆ ಹೋಗಿ ಅವನ ಬಾಚಿಯ ಹಿಡಿ ಸಡಿಲಾಗಿದೆಯೇ ನೋಡಿ ತಂದುಕೊಟ್ಟಳು.

ಕಂಬ ನಿಂತಿತು. ಬುಡ ಕೆಳಗೆ, ತುದಿ ಮೇಲೆ. ಬೆಳೆದ ಹಾಗೆಯೇ ನಿಂತರೆ ಮರಕ್ಕೆ ತಾನು ಮರ ಎಂಬುದು ಮರೆಯುವುದಿಲ್ಲ. ಬೋದಿಗೆಯ ಮೇಲೆ ಗುಡ್ಡಪ್ಪ, ದಸ್ತಗೀರಸಾಬರ ತೊಲೆ ಕೂತಿತು. ಅದರ ಮೇಲೆ ಹೊಸ ಜಂತಿ, ಅದರ ಮೇಲೆ ತಗಡು. ಕತ್ತರಿಸಿದ ಸತ್ತ ತುದಿಯನ್ನು ಬೆಂಕಿಯ ಕುಣಿಗೆಂದು ಒಂದು ಮೂಲೆಯಲ್ಲಿ ಇಟ್ಟರು.

ಮೊಹರಮ್ಮಿನ ಚಂದ್ರ ಕಂಡ ಮೇಲೆ ಕುಣಿಗೆ ಗುದ್ದಲಿ ಹಾಕುವ ಮಧ್ಯಾಹ್ನ ಬಂತು. ಸಂಘಮಿತ್ರಾ ಸಂಕೇಶ್ವರದಿಂದ ಬಂದಿದ್ದಳು. ಮಸೂತಿಯ ಮುಂದೆ ಊರೆಲ್ಲ ಸೇರಿತ್ತು. ಜಾಫರಸಾಬ ಪಡಸಾಲೆಯಲ್ಲಿ ಹೊಸ ಕಂಬದ ಬುಡಕ್ಕೆ, ಗುಡ್ಡಪ್ಪ ಕೂರುತ್ತಿದ್ದ ಜಾಗದಲ್ಲಿ, ಕಾಲು ಚಾಚಿ ಕುಳಿತ. ಸಂಘಮಿತ್ರಾ ಪಕ್ಕದಲ್ಲಿ ಕುಳಿತಳು. ಹಲಗೆ ವಾದ್ಯ ಬಡಿಯುವವರ ಕೈ ಆಡುವುದು ಅವನಿಗೆ ಕಾಣುತ್ತಿತ್ತು, ಬಾಯಿಗಳು ತೆರೆದು ಮುಚ್ಚುವುದು ಕಾಣುತ್ತಿತ್ತು. ಹತ್ತಿಯ ಹಾಗೆ ಮೌನ. ದಣಿವಿಗೆ ತಲೆಯನ್ನು ಹಿಂದಕ್ಕೆ ವಾಲಿಸಿ ಕಂಬಕ್ಕೆ ಆನಿಸಿದ.

ಅಂಗಳದಲ್ಲಿ ಮೊದಲ ಗುದ್ದಲಿ ಬಿತ್ತು.

ಅದು ನೆಲದಿಂದ ಹೊರಟು, ಜಾಲಿಯ ಬುಡದಿಂದ ಏರಿ, ಅವನ ಹಿಂದಲೆಯ ಎಲುಬಿಗೆ ತಾಕಿತು. ಧಿಮ್. ಅವನು ಕಣ್ಣು ಅಗಲಿಸಿದ. ಮತ್ತೊಂದು ಬಿತ್ತು. ಹಲಗೆಯ ಪೆಟ್ಟು ಅದರ ಹಿಂದೆ ಬಂತು, ಮಂದಿಯ ಪಾದ ಕುಟ್ಟುವುದು ಬಂತು. ಅವೆಲ್ಲ ಕಂಬದಲ್ಲಿ ಏರಿ ತೊಲೆಗೆ ಹೋಗಿ, ಅಲ್ಲಿಂದ ಮತ್ತೆ ಇಳಿದು ಅವನ ತಲೆಯೊಳಗೆ ಸೇರುತ್ತಿದ್ದವು. ಕುಣಿ ಆಳವಾಗುತ್ತಿತ್ತು. ಯಾರೋ ಒಬ್ಬ ಸೊಂಟದಮಟ್ಟ ಒಳಗಿಳಿದಿದ್ದ, ಅವನ ರೆಪ್ಪೆಯ ಮೇಲೆಲ್ಲ ಧೂಳು.

ಸಂಘಮಿತ್ರಾ ಅವನತ್ತ ಬಾಗಿ, ಕೇಳತೈತೇನ್ರಿ ಕಾಕಾ ಎಂದು ತುಟಿಯಲ್ಲಿ ಕೇಳಿದಳು.

ಅವನು ಅವಳ ತಲೆಯನ್ನೂ ಮೆಲ್ಲಗೆ ಹಿಡಿದು ಕಂಬಕ್ಕೆ ಆನಿಸಿದ.